ಹೆಂಗಸಿನ ವ್ಯಾಪಾರ, ಮಗು ಮತ್ತು ಸಂಘ

(ಹಂಪನಕಟ್ಟೆಯಲ್ಲಿ ಸೇರಿದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ, ಹಪ್ಪಳದ ಉದ್ದಿಮೆ ನಡೆಸುವ ಸದಸ್ಯೆಯೊಬ್ಬರು ಮಾಡಿದ ಭಾಷಣ. — ಸಂ.)



ನನಗೆ ಕೊಟ್ಟಿರುವ ವಿಷಯ "ಉದ್ದಿಮೆ, ತಾಯ್ತನ, ಸಮಾಜಕಾರ್ಯ: ಸಮತೋಲ ಸಾಧಿಸುವುದು ಹೇಗೆ" ಎಂದು. ಕರಪತ್ರದಲ್ಲಿ ಓದಿ ನನಗೆ ನಗು ಬಂತು. ಸಮತೋಲ ಎಂದ ಕೂಡಲೇ ವ್ಯಾಪಾರದವರಿಗೆ ನೆನಪಾಗುವುದು ತಕ್ಕಡಿ. ತಕ್ಕಡಿಗೆ ಇರುವುದು ಎರಡೇ ತಟ್ಟೆ. ಇಲ್ಲಿ ಸಾಮಾನು ಮೂರು. ಮೂರನೆಯದನ್ನು ಎಲ್ಲಿ ಇಡಬೇಕೆಂದು ವಿಷಯ ಕೊಟ್ಟವರು ಹೇಳಲಿಲ್ಲ. ಇನ್ನೂ ಒಂದು ಮಾತು. ಇದೇ ವೇದಿಕೆಯಲ್ಲಿ ಎಷ್ಟೋ ಅಣ್ಣಂದಿರು ಮಾತಾಡಿದ್ದಾರೆ. "ಅಂಗಡಿ ನಡೆಸುತ್ತಾ ತಂದೆಯಾಗಿರುವುದು ಹೇಗೆ" ಎಂಬ ವಿಷಯವನ್ನು ಅವರಲ್ಲಿ ಒಬ್ಬರಿಗಾದರೂ ಕೊಟ್ಟದ್ದುಂಟೋ? ನಾನಂತೂ ಕಾಣೆ.

ಆದರೂ ವಿಷಯ ಒಳ್ಳೆಯದೇ. ಏಕೆಂದರೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮಾರ್ಕೆಟ್ಟು ಉಂಟು. ಬಂದರಿನ ಕಡೆ ನಡೆದರೆ ಮೀನು ಮಾರುವ ಅಕ್ಕಂದಿರು ಸಿಗುತ್ತಾರೆ. ನಸುಕಿನಲ್ಲಿ ದಕ್ಕೆಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿಯಬೇಕು, ಮಂಜುಗಡ್ಡೆಗೆ ಹಣ ಕೊಡಬೇಕು, ಬುಟ್ಟಿ ಹೊತ್ತು ಮನೆ ಮನೆಗೆ ಹೋಗಬೇಕು ಇಲ್ಲವೆ ಮಾರ್ಕೆಟ್ಟಿನಲ್ಲಿ ಕೂತು ಮಾರಬೇಕು, ಮಧ್ಯಾಹ್ನದೊಳಗೆ ಮಾರಿ ಮುಗಿಸದಿದ್ದರೆ ನಷ್ಟ ತನ್ನದೇ. ಬಂಡವಾಳ ತನ್ನದು, ಬುದ್ಧಿ ತನ್ನದು, ಅಪಾಯ ತನ್ನದು. ಉದ್ದಿಮೆದಾರ ಎಂಬ ದೊಡ್ಡ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ಏನಿದೆ? ಆದರೆ ಪತ್ರಿಕೆಯವರು 'ಮಹಿಳಾ ಉದ್ದಿಮೆದಾರಳು' ಎಂದು ಬರೆಯುವಾಗ ಅವರ ಕಣ್ಣಮುಂದೆ ಬುಟ್ಟಿ ಬರುವುದಿಲ್ಲ, ಮೇಜು ಕುರ್ಚಿ ಬರುತ್ತದೆ. ಶಂಕರಪುರದಲ್ಲಿ ಮಲ್ಲಿಗೆ ಕೊಯ್ದು ಕಟ್ಟುವವಳು, ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದು ಕೈ ಸುಟ್ಟುಕೊಂಡು ಮನೆಗೆ ಬಂದು ಸಂಜೆ ಚಕ್ಕುಲಿ ಸುಟ್ಟು ಮಾರುವವಳು, ಇವರೆಲ್ಲ ಆ ಪಟ್ಟಿಗೆ ಸೇರುವುದಿಲ್ಲ. ಇವತ್ತು ನಾನು ಇವರನ್ನು ಸೇರಿಸಿಕೊಂಡೇ ಮಾತಾಡುತ್ತೇನೆ.

ನನ್ನ ಕೆಲಸ ಹಲಸಿನ ಹಪ್ಪಳದ್ದು. ನಾಲ್ಕು ಮಂದಿ ಹೆಂಗಸರು ಸೇರಿ ಮಾಡುತ್ತೇವೆ. ಹಲಸು ನಮ್ಮ ಹೊತ್ತು ನೋಡಿ ಬೆಳೆಯುವುದಿಲ್ಲ. ಕಾಯಿ ಹದಕ್ಕೆ ಬಂದ ವಾರ ಕೊಯ್ಯಬೇಕು. ಕೈಗೆ ತೆಂಗಿನೆಣ್ಣೆ ಹಚ್ಚಿ ಮೇಣ ಬಿಡಿಸಿ ತೊಳೆ ತೆಗೆಯಬೇಕು, ಬೇಯಿಸಬೇಕು, ಬಿಸಿ ಆರುವ ಮೊದಲು ಗುದ್ದಬೇಕು, ಉಂಡೆ ಮಾಡಿ ಒತ್ತಬೇಕು, ಚಾಪೆಗೆ ಹಾಕಬೇಕು. ಜೂನ್ ತಿಂಗಳ ಮಳೆ ಬರುವುದರೊಳಗೆ ವರ್ಷದ ಸರಕು ಒಣಗಿ ಡಬ್ಬಿ ಸೇರಬೇಕು. ಎರಡೂವರೆ ತಿಂಗಳ ಬಿಸಿಲು, ಅದರ ಮೇಲೆ ಹನ್ನೆರಡು ತಿಂಗಳ ಊಟ. ನನ್ನ ಮಗಳಿಗೆ ಆಗ ಮೂರು ವರ್ಷ. ಅವಳಿಗೆ ಕೊಟ್ಟ ಕೆಲಸ ಕಾಗೆ ಓಡಿಸುವುದು. ಅವಳು ಆಡಿದ ಮೊದಲ ಮಾತುಗಳಲ್ಲಿ "ಹುಶ್" ಎಂಬುದೂ ಒಂದು. ಕೇಳಿದವರು "ಎಷ್ಟು ಚಂದ, ತಾಯಿ ದುಡಿಯುತ್ತಾಳೆ, ಮಗು ಜತೆಯಲ್ಲೇ ಇರುತ್ತದೆ" ಎನ್ನುತ್ತಾರೆ. ಬಿಸಿಲಿನಲ್ಲಿ ಕೂತ ಆ ಮಗುವಿಗೆ ಒಂದು ಸಂಜೆ ಮೈ ಕಾದ ಬಾಣಲೆಯಂತಾಯಿತು. ಅಂದು ಅಂಗಳದಲ್ಲಿ ಮುನ್ನೂರು ಹಪ್ಪಳ, ಆಕಾಶದಲ್ಲಿ ಮೋಡ. ಮೊದಲು ಯಾವುದನ್ನು ಎತ್ತಿಕೊಂಡೆನೆಂದು ಕೇಳಬೇಡಿ. ಮಗುವನ್ನು ಎತ್ತಿಕೊಂಡೆ ಎಂದು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಒಂದು ಗಳಿಗೆ ನಾನು ನಿಂತು ನೋಡಿದೆ. ಆ ಒಂದು ಗಳಿಗೆ ನಿಲ್ಲುವಂತೆ ಮಾಡಿದ್ದು ನನ್ನ ಕಲ್ಲುಮನಸ್ಸಲ್ಲ, ಮಂಡಿಯವನಿಂದ ತಂದ ಮುಂಗಡ.

ಸಂಗಾತಿಗಳೇ, ಈ ಊರಿನಲ್ಲಿ ಈ ವಿಷಯ ಮಾತಾಡುವಾಗ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯದೆ ಇರಲಾಗುವುದಿಲ್ಲ. ಅವರು ನಮ್ಮ ಮಂಗಳೂರಿನ ಮಗಳು, 1903ರ ಏಪ್ರಿಲ್ 3ರಂದು ಇಲ್ಲಿ ಹುಟ್ಟಿದವರು. ನಮ್ಮ ಪಕ್ಷದ ಹಿರಿಯರ ಸಾಲಿನವರು ಕೂಡ. 1934ರಲ್ಲಿ ಹುಟ್ಟಿದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಮೀರತ್ ಸಮ್ಮೇಳನಕ್ಕೆ 1936ರಲ್ಲಿ ಅಧ್ಯಕ್ಷರಾಗಿದ್ದವರು. ಸರಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವೆಲ್ಲ ಶಾಲೆಯ ಪುಸ್ತಕದಲ್ಲಿ ಬರುವ ಸಂಗತಿ. ನಾನು ಹೇಳಬೇಕೆಂದಿರುವುದು ಅವರ ತಾಯಿ ಗಿರಿಜಾಬಾಯಿಯವರಿಂದ ಶುರುವಾಗುತ್ತದೆ.

ಕಮಲಾದೇವಿಯವರ ತಂದೆ ಅನಂತಯ್ಯ ಧಾರೇಶ್ವರರು ದೊಡ್ಡ ಸರಕಾರಿ ಅಧಿಕಾರಿ. ಮಗಳು ಏಳು ವರ್ಷದವಳಿದ್ದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಆಗಿನ ಕಾಯಿದೆಯ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಗುವಿಗೂ ಉಳಿದದ್ದು ಮಾಸಾಶನ ಮಾತ್ರ. ಗಿರಿಜಾಬಾಯಿ ಆ ಮಾಸಾಶನವೇ ಬೇಡವೆಂದರು. ತವರಿನಿಂದ ತಂದದ್ದರಲ್ಲಿ ಮಗಳನ್ನು ಸಾಕಿದರು. ಒಂದು ಮನೆಯೊಳಗೆ ಒಂದೇ ದಿನದಲ್ಲಿ ಯಜಮಾನಿ ಹೋಗಿ ಆಶ್ರಿತೆ ಆಗುವುದೆಂದರೆ ಏನೆಂದು ಆ ಏಳು ವರ್ಷದ ಹುಡುಗಿ ಕಣ್ಣಾರೆ ಕಂಡಳು.

ಇಲ್ಲಿ ಕೆಲವರು ಹೇಳಬಹುದು, "ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಉಂಟಲ್ಲ, ಇಲ್ಲಿ ಹೆಣ್ಣಿಗೆ ಆಸ್ತಿ ಇತ್ತಲ್ಲ" ಎಂದು. ಇತ್ತು. ಆದರೆ ಎಲ್ಲ ಜಾತಿಗಳಲ್ಲಿ ಅಲ್ಲ. ಇದ್ದ ಮನೆಗಳಲ್ಲಿ ಕೂಡ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಬೀಗದ ಕೈ ಮತ್ತು ಲೆಕ್ಕದ ಪುಸ್ತಕ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿರುತ್ತಿತ್ತು. ಹೆಸರು ಯಾರದು ಎಂಬುದು ಒಂದು, ಸಹಿ ಯಾರದು ಎಂಬುದು ಇನ್ನೊಂದು. ಉಳಿದ ಹಿಂದೂ ಹೆಣ್ಣುಮಕ್ಕಳಿಗೆ 1956ರ ಉತ್ತರಾಧಿಕಾರ ಕಾಯಿದೆ ಒಂದಿಷ್ಟು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಸಮನಾದ ಹಕ್ಕು ಬರಲು ನಮ್ಮ ರಾಜ್ಯದಲ್ಲಿ 1994ರ ತನಕ, ಇಡೀ ದೇಶದಲ್ಲಿ 2005ರ ತನಕ ಕಾಯಬೇಕಾಯಿತು. ಈಗಲೂ ಹಕ್ಕುಬಿಡುಗಡೆಯ ಪತ್ರಕ್ಕೆ ತಂಗಿಯ ಕೈಯಲ್ಲಿ ಸಹಿ ಹಾಕಿಸುವ ಅಣ್ಣಂದಿರು ಈ ಸಭೆಯಲ್ಲಿಯೂ ಇರಬಹುದು. ಹೆಸರು ಹೇಳುವುದಿಲ್ಲ.

ಕಮಲಾದೇವಿ ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾದರು. ಓದಿದರು. ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಮಗ ಹುಟ್ಟಿದ. 1926ರಲ್ಲಿ, ಆ ಮಗು ಇನ್ನೂ ಚಿಕ್ಕದಿದ್ದಾಗ, ಮದ್ರಾಸು ಶಾಸನಸಭೆಯ ಚುನಾವಣೆಗೆ ಇದೇ ನಮ್ಮ ಜಿಲ್ಲೆಯಿಂದ ನಿಂತರು. ಹೆಂಗಸರು ನಿಲ್ಲಬಹುದೆಂದು ಆಗಷ್ಟೇ ನಿಯಮವಾಗಿತ್ತು. ಅವರಿಗೆ ಧೈರ್ಯ ಕೊಟ್ಟು ನಿಲ್ಲಿಸಿದವರು ಮಾರ್ಗರೆಟ್ ಕಸಿನ್ಸ್. ಮತ ಇದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕೊಡುವವರಿಗೆ. ಆಸ್ತಿಯೇ ಇಲ್ಲದ ಹೆಂಗಸರು ಮತ ಹಾಕುವುದೆಲ್ಲಿಂದ? ಬಹಳ ಸ್ವಲ್ಪ ಮತಗಳಲ್ಲಿ ಸೋತರು. ನಾಲ್ಕು ವರ್ಷದ ಮೇಲೆ ಉಪ್ಪಿನ ಸತ್ಯಾಗ್ರಹ. ಗಾಂಧೀಜಿ ದಂಡಿಯ ಯಾತ್ರೆಗೆ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಹೋಗಿ ವಾದ ಮಾಡಿ ಒಪ್ಪಿಗೆ ತಂದರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಷೇರುಪೇಟೆಗೆ ಹೋಗಿ ಕೂಗಿ ಮಾರಿದರು. ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರಿಗೂ "ಒಂದು ಪೊಟ್ಟಣ ಕೊಳ್ಳುತ್ತೀರಾ" ಎಂದು ಕೇಳಿದರೆಂದು ಪ್ರಸಿದ್ಧಿ. ನಮ್ಮ ಹಂಪನಕಟ್ಟೆಯ ಯಾವ ವ್ಯಾಪಾರಿಗೂ ಇಂಥ ಗಿರಾಕಿ ಸಿಕ್ಕಿರಲಾರ.

ಆಗ ಅವರ ಮಗ ಇನ್ನೂ ಶಾಲೆಯ ಹುಡುಗ. ತಾಯಿ ಜೈಲಿಗೆ ಹೋದರು, ಮತ್ತೆ ಹೋದರು. ಗಂಡನಿಂದ ವಿಚ್ಛೇದನವೂ ಆಯಿತು. ಅವರ ಮೇಲೆ ಭಾಷಣ ಮಾಡುವವರು ಜೈಲಿನ ದಿನಗಳನ್ನು ಎಣಿಸುತ್ತಾರೆ, ಹುಡುಗನಿಗೆ ಊಟ ಬಡಿಸಿದ ಕೈಗಳನ್ನು ಎಣಿಸುವುದಿಲ್ಲ. ಇದರಲ್ಲಿ ಒಂದು ಕಲಿಕೆ ಇದೆ. ಒಬ್ಬ ಹೆಂಗಸು ಮೂರು ಕೆಲಸವನ್ನು ಒಬ್ಬಳೇ ಮಾಡಿದಳು ಎಂದು ಯಾರಾದರೂ ಬರೆದರೆ ನಂಬಬೇಡಿ. ಎಲ್ಲೋ ಒಬ್ಬ ಅಜ್ಜಿ, ಒಬ್ಬ ಅತ್ತಿಗೆ, ಒಬ್ಬ ಕೆಲಸದವಳು, ಒಂದು ಶಾಲೆ ಆ ಭಾರದ ಇನ್ನೊಂದು ತುದಿ ಹಿಡಿದಿರಲೇಬೇಕು. ಆ ತುದಿ ಹಿಡಿಯಲು ಯಾರೂ ಇಲ್ಲದವಳ ಕಥೆ ಪುಸ್ತಕವಾಗುವುದಿಲ್ಲ.

ನನಗೆ ಅವರ ಬಾಳಿನಲ್ಲಿ ಬಹಳ ಹಿಡಿಸಿದ್ದು ಸ್ವಾತಂತ್ರ್ಯದ ಮೇಲಿನ ಕೆಲಸ. ಉಳಿದವರು ಮಂತ್ರಿಯಾಗಲು ಹೊರಟಾಗ ಇವರು 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಕಟ್ಟಿದರು. ದೇಶವಿಭಜನೆಯಿಂದ ಬೀದಿಗೆ ಬಿದ್ದ ನಿರಾಶ್ರಿತರು ದಾನ ಕಾಯುವ ಬದಲು ಸಹಕಾರಿ ಸಂಘ ಮಾಡಿ ದುಡಿಯಬೇಕೆಂಬುದು ಅವರ ಹಟ. ದಿಲ್ಲಿಯ ಬಳಿಯ ಫರೀದಾಬಾದಿನ ನಗರ ಹಾಗೆ ಎದ್ದದ್ದು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಸರಕಾರದ ಗೃಹಕೈಗಾರಿಕಾ ಮಳಿಗೆಯನ್ನು ಅವರ ಒಕ್ಕೂಟವೇ ವಹಿಸಿಕೊಂಡು ನಡೆಸಿತು. ಇದು ವ್ಯಾಪಾರವೇ ಹೌದು. ಖರೀದಿ, ಸಂಗ್ರಹ, ದರ, ಗಿರಾಕಿ, ಎಲ್ಲ ಉಂಟು. ಆದರೆ ಲಾಭ ಮಂಡಿಯವನಿಗೆ ಹೋಗುವ ದಾರಿಯನ್ನು ತಿರುಗಿಸಿ ಮಡಕೆ ಮಾಡುವವನ, ಮಗ್ಗ ನೇಯುವವಳ ಮನೆಗೆ ಬಿಟ್ಟರು. ಹೆಂಗಸಿನ ಉದ್ದಿಮೆ ಎಂದರೆ ಒಬ್ಬಳು ಮೇಲೇರಿ ಹತ್ತು ಮಂದಿ ಹೆಂಗಸರನ್ನು ಅಗ್ಗದ ಕೂಲಿಗೆ ಇಟ್ಟುಕೊಳ್ಳುವುದು ಎಂದಾದರೆ ಅದರಲ್ಲಿ ನಮ್ಮ ಪಕ್ಷಕ್ಕೆ ಸಂತೋಷಪಡುವಂಥದ್ದು ಏನೂ ಇಲ್ಲ.

ಇಂಥದೇ ಕೆಲಸ ಬೇರೆ ಕಡೆಯೂ ನಡೆದಿದೆ. 1959ರಲ್ಲಿ ಮುಂಬಯಿಯ ಗಿರಗಾಂವದ ಒಂದು ಚಾಳಿನ ಮಾಳಿಗೆಯಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಿದರು. ಅದೇ ಲಿಜ್ಜತ್. ಅಲ್ಲಿ ಹಿಟ್ಟು ಕಲಸಿ ಕೊಡುವುದು ಸಂಘ, ಮನೆಗೆ ಒಯ್ದು ಒತ್ತಿ ತರುವುದು ಸದಸ್ಯೆ, ಒತ್ತುವವಳೇ ಪಾಲುದಾರಳು. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಸ್ವಯಂ ಉದ್ಯೋಗದ ಹೆಂಗಸರ ಸಂಘ ಕಟ್ಟಿದರು, 1974ರಲ್ಲಿ ತಲಾ 10 ರೂಪಾಯಿಯ ಪಾಲು ಹಾಕಿ ನಾಲ್ಕು ಸಾವಿರ ಹೆಂಗಸರು ಸ್ವಂತ ಬ್ಯಾಂಕು ತೆರೆದರು. ಅವರಲ್ಲಿ ಬಹಳ ಮಂದಿಗೆ ಸಹಿ ಹಾಕಲು ಬರುತ್ತಿರಲಿಲ್ಲ.

ಬ್ಯಾಂಕಿನ ಮಾತು ಬಂತು. ಬ್ಯಾಂಕು ಹುಟ್ಟಿಸುವುದನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದೂ ಈ ಕರಾವಳಿಯ ಮಕ್ಕಳು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟಿನವರು 1928ರಿಂದ ಪಿಗ್ಮಿಯೆಂದು ದಿನಕ್ಕೆ ಎರಡಾಣೆಯನ್ನೂ ಬಾಗಿಲಿಗೆ ಬಂದು ಸಂಗ್ರಹಿಸಿದರು. ಎರಡಾಣೆ ಕೊಟ್ಟವರಲ್ಲಿ ಹೆಂಗಸರು ಎಷ್ಟು ಮಂದಿ! ಕೂಡಿಟ್ಟ ಚಿಲ್ಲರೆ ಪೇಟೆಯ ದೊಡ್ಡ ವ್ಯಾಪಾರಕ್ಕೆ ಬಂಡವಾಳವಾಯಿತು. 1969ರಲ್ಲಿ, ಮತ್ತೆ 1980ರಲ್ಲಿ, ಇವುಗಳಲ್ಲಿ ನಾಲ್ಕು ರಾಷ್ಟ್ರೀಕರಣವಾದವು. ಆಮೇಲೆ ಆ ನಾಲ್ಕರಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ 2019 ಮತ್ತು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಕರಗಿದವು. ನಾನು ಹಪ್ಪಳ ಒತ್ತುವ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಒಂದು ಬ್ಯಾಂಕಿನಲ್ಲಿ ಮೊದಲು ಕೇಳಿದ್ದು "ಯಜಮಾನರು ಬಂದಿಲ್ಲವಾ?" ಎಂದು. "ವ್ಯಾಪಾರದ ಯಜಮಾನಿ ಬಂದಿದ್ದಾಳೆ" ಎಂದೆ. ಸಾಲ ಸಿಗಲಿಲ್ಲ. ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಳ್ಳುವಾಗ ಯಜಮಾನರನ್ನು ಯಾರೂ ಕೇಳಿರಲಿಲ್ಲ. ಹೀಗೆ ಬಾಗಿಲು ಮುಚ್ಚಿದಾಗ ಹೆಂಗಸರು ವಾರದ ಕಂತಿನ ಕಿರುಸಾಲದ ಕಂಪೆನಿಗಳ ಕೈಗೆ ಬೀಳುತ್ತಾರೆ. ಮನೆ ಮುಂದೆ ಬಂದು ಕೂಗಾಡುವ ವಸೂಲಿ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇನ್ನು ಮಗುವಿನ ವಿಷಯ. ಮಗು ತಾಯಿಯದ್ದು ಮಾತ್ರವೆಂದು ಕಾಯಿದೆ ಕೂಡ ಹೇಳುವುದಿಲ್ಲ. 1948ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳ ಕೋಣೆ ಬೇಕೆಂದಿತು. 1976ರಲ್ಲಿ ಆ ಐವತ್ತು ಮೂವತ್ತಾಯಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರದ ಸಂಬಳ ಸಹಿತ ರಜೆ ಕೊಟ್ಟಿತು. 2017ರಲ್ಲಿ ಮೊದಲೆರಡು ಮಕ್ಕಳಿಗೆ ಅದು 26 ವಾರವಾಯಿತು. ಒಳ್ಳೆಯದೇ. ಆದರೆ ಮೀನಿನ ಬುಟ್ಟಿಯವಳಿಗೆ ರಜೆ ಕೊಡುವ ಮಾಲಿಕ ಯಾರು? ಇಲ್ಲೇ ಹತ್ತಿರದಲ್ಲಿ ಲೇಡಿ ಗೋಶನ್ ಆಸ್ಪತ್ರೆ ಇದೆ. ಬಡವರ ಹೆರಿಗೆಯಾಗುವ ಜಾಗ. ಅಲ್ಲಿಂದ ಹಸುಗೂಸು ಎತ್ತಿಕೊಂಡು ಹೊರಗೆ ಬರುವ ಎಷ್ಟೋ ತಾಯಂದಿರಿಗೆ 26 ವಾರವಲ್ಲ, 26 ದಿನದ ಬಿಡುವೂ ಇಲ್ಲ.

ಬೀಡಿ ಕಟ್ಟುವವರನ್ನು ನೋಡಿ. ನಮ್ಮ ಜಿಲ್ಲೆಯ ಲಕ್ಷಾಂತರ ಊಟ ತಡ್ಪೆಯ ಮೇಲೆ ಬೆಂದದ್ದು. ಮಡಿಲಲ್ಲಿ ತಡ್ಪೆ, ಕಾಲಿನ ತುದಿಗೆ ಕಟ್ಟಿದ ತೊಟ್ಟಿಲ ಹಗ್ಗ, ಮೂಗಿಗೆ ಹೊಗೆಸೊಪ್ಪಿನ ಧೂಳು. ಬ್ರಾಂಚಿಗೆ ಒಯ್ದಾಗ ಬೀಡಿ ಸರಿಯಿಲ್ಲವೆಂದು ಒಂದು ಪಾಲನ್ನು ಬದಿಗೆ ತೆಗೆದಿಡುವರು. 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂದಾಗ ಮನೆಯಲ್ಲಿ ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂಬ ಮಾತು ಬಂತು. ಮಂಗಳೂರಿನವರೂ ಸೇರಿದಂತೆ ಮಾಲಿಕರು ಆ ಕಾಯಿದೆಯನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಅದು ದೊಡ್ಡ ಗೆಲುವು, ಹೋರಾಟದಿಂದ ಬಂದದ್ದು. ಆದರೂ ಮನೆ ಕಾರ್ಖಾನೆಯಲ್ಲವಾದ್ದರಿಂದ ಮಕ್ಕಳ ಕೋಣೆ ಮನೆಗೆ ಬರಲಿಲ್ಲ. "ಮನೆಯಲ್ಲೇ ಕೆಲಸ, ಮಕ್ಕಳನ್ನೂ ನೋಡಿಕೊಳ್ಳಬಹುದು" ಎಂಬುದು ಹೆಂಗಸಿಗೆ ಕೊಟ್ಟ ಅನುಕೂಲವೆಂದು ಹೇಳುತ್ತಾರೆ. ಲೆಕ್ಕ ಹಾಕಿದರೆ ಕಟ್ಟಡದ ಬಾಡಿಗೆ, ದೀಪ, ನೀರು, ಮಕ್ಕಳ ಆಯಾ, ಎಲ್ಲದರ ಖರ್ಚು ಮಾಲಿಕನಿಗೆ ಉಳಿಯಿತು.

ಸರಕಾರವೇ 2019ರಲ್ಲಿ ಜನರ ಹೊತ್ತಿನ ಲೆಕ್ಕ ತೆಗೆಯಿತು. ಮನೆಗೆಲಸ ಮಾಡುವ ಹೆಂಗಸಿಗೆ ಅದಕ್ಕೇ ದಿನಕ್ಕೆ 299 ನಿಮಿಷ ಬೇಕು, ಅಂದರೆ ಹತ್ತಿರ ಹತ್ತಿರ ಐದು ಗಂಟೆ. ಗಂಡಸಿಗೆ 97 ನಿಮಿಷ. ಅದೂ ಮಾಡುವ ಗಂಡಸಿಗೆ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಗಂಡಸರು ಆ ಕೆಲಸಕ್ಕೆ ಕೈಯನ್ನೇ ಹಾಕಿರಲಿಲ್ಲ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ ಎಂದು ಮೇ ಒಂದನೆಯ ತಾರೀಕು ನಾವೆಲ್ಲ ಕೂಗುತ್ತೇವೆ. ಈ ಐದು ಗಂಟೆಯನ್ನು ಯಾವ ಎಂಟರಿಂದ ತೆಗೆಯಬೇಕೆಂದು ಗಿರಣಿಯ ಅಣ್ಣಂದಿರು ಇವತ್ತು ಮನೆಗೆ ಹೋಗಿ ಕೇಳಿ ನೋಡಿ.

ಈಗ ಮೂರನೆಯ ಸಾಮಾನಿಗೆ, ಸಮಾಜಕಾರ್ಯಕ್ಕೆ ಬರುತ್ತೇನೆ. ನಾವು ಕೂತಿರುವ ಹಂಪನಕಟ್ಟೆಯಿಂದ ಹೊರಡುವ ರಸ್ತೆಗೆ ಕಾರ್ನಾಡ ಸದಾಶಿವರಾಯರ ಹೆಸರಿದೆ. ಕೆ.ಎಸ್. ರಾವ್ ರಸ್ತೆ ಎನ್ನುವಾಗ ಆ ಮನುಷ್ಯ ಯಾರೆಂದು ನೆನೆಯುವವರು ಕಡಿಮೆ. ದಿಕ್ಕಿಲ್ಲದ ಹೆಂಗಸರು ತಮ್ಮ ಕಾಲ ಮೇಲೆ ನಿಲ್ಲಲೆಂದು ಈ ಊರಿನಲ್ಲಿ ಮಹಿಳಾ ಸಭೆ ಕಟ್ಟಿದವರು ಅವರು. ಇದ್ದದ್ದನ್ನೆಲ್ಲ ಚಳವಳಿಗೆ ಸುರಿದು 1937ರಲ್ಲಿ ಬರಿಗೈಯಲ್ಲಿ ಹೋದರು. ಬೆಂಗಳೂರಿನ ಭಾರೀ ಶ್ರೀಮಂತರು ವಾಸಿಸುವ ಸದಾಶಿವನಗರಕ್ಕೂ ಅವರದೇ ಹೆಸರು!

ನಾವು ಏನು ಮಾಡುತ್ತಿದ್ದೇವೆ? ಸಂಘದ ಸಭೆ ಸಂಜೆ ಏಳೂವರೆಗೆ. ಅದು ಅಕ್ಕಿ ಬೇಯುವ ಹೊತ್ತು, ಮಕ್ಕಳ ಪಾಠದ ಹೊತ್ತು. ಒಮ್ಮೆ ನಾನು ಮಗಳನ್ನು ಕರಕೊಂಡೇ ಬಂದೆ. ಅವಳು ನಿದ್ದೆಗೆಟ್ಟು ಅತ್ತಳು. ಒಬ್ಬ ಹಿರಿಯ ಸಂಗಾತಿ, ಬಹಳ ಒಳ್ಳೆಯವರು, ಮೆಲ್ಲಗೆ ಹೇಳಿದರು: "ಅಕ್ಕಾ, ಮಗುವನ್ನು ಮನೆಯಲ್ಲೇ ಬಿಟ್ಟು ಬರಬಹುದಿತ್ತಲ್ಲ." ಅವರ ಮನೆಯಲ್ಲಿಯೂ ಎರಡು ಮಕ್ಕಳು. ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು, ಹೆಂಡತಿಯ ಬಳಿ. ಆದ್ದರಿಂದ ಆ ಹೆಂಡತಿ ನಮ್ಮ ಸಂಘಕ್ಕೆ ಇಂದಿನ ತನಕ ಬಂದಿಲ್ಲ. ಹೆಂಗಸರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂದು ಆ ಮೇಲೆ ವರದಿ ಬರೆಯುತ್ತೇವೆ.

ಇದು ಬರೀ ಮನೆಯ ಜಗಳವಲ್ಲ. ನಮ್ಮ ಹೊಟ್ಟೆಪಾಡೇ ಇದರಲ್ಲಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು. ಯಾವ ಬೀದಿಯಲ್ಲಿ ಕೂರಬಹುದು, ಎಲ್ಲಿ ಕೂರಬಾರದು ಎಂಬ ಮಾತು ಅಲ್ಲಿ ನಡೆಯುತ್ತದೆ. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳಿಂದಲೇ ಆರಿಸಿ ಬರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಕಾಯಿದೆ ಕುರ್ಚಿ ಇಟ್ಟಿದೆ. ಕೂರುವವರು ಯಾರು? ಹೂ ಮಾರುವವಳು ಬಾರದಿದ್ದರೆ ಯಾರದೋ ಹೆಂಡತಿಯ ಹೆಸರು ಬರುತ್ತದೆ, ಗಂಡ ಬಂದು ಕೂರುತ್ತಾನೆ. ಆಮೇಲೆ ಒಂದು ಬೆಳಿಗ್ಗೆ ಲಾರಿ ಬಂದು ಬುಟ್ಟಿಗಳನ್ನು ಎತ್ತಿಕೊಂಡು ಹೋದಾಗ ನಾವು ಪೊಲೀಸು ಠಾಣೆಯ ಮುಂದೆ ಧರಣಿ ಕೂರುತ್ತೇವೆ. ಸಮಿತಿಯಲ್ಲಿ ಒಂದು ಗಂಟೆ ಕೂತಿದ್ದರೆ ಠಾಣೆಯ ಮುಂದೆ ಮೂರು ದಿನ ಕೂರಬೇಕಾಗಿರಲಿಲ್ಲ.

ಆದ್ದರಿಂದ ಈ ಸಭೆಯಲ್ಲಿ ನಿರ್ಣಯಕ್ಕೆ ಎರಡು ಮಾತು ಇಡುತ್ತೇನೆ. ಸಮಿತಿಗೆ ನಮ್ಮ ಪಾಲಿನ ಹೆಂಗಸರ ಸ್ಥಾನಗಳಿಗೆ ನಿಲ್ಲುವವರನ್ನು ಮಾರ್ಕೆಟ್ಟಿನಲ್ಲಿ ಕೂತು ಮಾರುವ ಹೆಂಗಸರೇ ಸೇರಿ ಆರಿಸಬೇಕು, ಪಕ್ಷದ ಕಚೇರಿಯಲ್ಲಿ ಅಲ್ಲ. ಎರಡನೆಯದು ಸಂಘದ ಸಭೆಯ ಹೊತ್ತು. ಮಾರ್ಕೆಟ್ಟಿನ ಗಿರಾಕಿ ಕಡಿಮೆಯಾಗುವುದು ಮಧ್ಯಾಹ್ನ ಮೂರರ ಸುಮಾರಿಗೆ. ಭಾನುವಾರ ಮೂರಕ್ಕೆ ಇಟ್ಟರೆ ಗಿರಣಿಯವರಿಗೂ ಆಗುತ್ತದೆ, ನಮಗೂ ಆಗುತ್ತದೆ. ಮಕ್ಕಳು ಬರಲಿ, ಪಕ್ಕದ ಕೋಣೆಯಲ್ಲಿ ಇರಲಿ. ಒಂದು ಗಂಟೆ ಅವರನ್ನು ನೋಡಿಕೊಳ್ಳುವ ಕೆಲಸ ಸರದಿಯ ಮೇಲೆ ಗಂಡಸರದ್ದು. ಮಗು ನೋಡಿಕೊಳ್ಳಲು ತಮಗೆ ಬರುವುದಿಲ್ಲ ಎನ್ನುವವರಿಗೆ ನಾನು ಹೇಳುವುದಿಷ್ಟೇ, ನಮಗೂ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಮಳೆಗಾಲದಲ್ಲಿ ನನ್ನ ಹಪ್ಪಳದ ಚಾಪೆಗಳು ಸುಮ್ಮನೆ ಅಟ್ಟದ ಮೇಲೆ ಇರುತ್ತವೆ. ಎರಡು ಚಾಪೆ ನಾನು ತರುತ್ತೇನೆ. ಬರುವ ಭಾನುವಾರದ ಸರದಿಗೆ ಎರಡು ಹೆಸರು ಬೇಕು. ಅಧ್ಯಕ್ಷರೇ, ಆ ಪುಸ್ತಕ ಸ್ವಲ್ಪ ಈ ಕಡೆ ಕೊಡಿ, ಬರೆದುಕೊಳ್ಳುತ್ತೇನೆ.